ನೀರಿನ ಬೆನ್ನಿಗೆ ಬಂದ ಹಂದಿ

ಸಿಂದಗಿ, ಇಂಡಿ ಕಡೆ ಹೊಲದಲ್ಲಿ ರಾತ್ರಿ ಉಳಿಯುವುದಕ್ಕೆ ‘ವಸ್ತಿ’ ಅನ್ನುತ್ತಾರೆ. "ಕಾಕಾ ಎಲ್ಲಿದಾನ?" ಎಂದು ಕೇಳಿದರೆ "ಹೊಲಕ್ಕ ವಸ್ತಿ ಹೋಗ್ಯಾನ" ಎಂಬ ಉತ್ತರ. ನಾನು ಸಣ್ಣವನಿದ್ದಾಗ ಈ ಮಾತು ರಾಶಿಯ ದಿನಗಳಲ್ಲಿ ಮಾತ್ರ ಕಿವಿಗೆ ಬೀಳುತ್ತಿತ್ತು. ಕಣದಲ್ಲಿ ಕಾಳು ಇದ್ದಷ್ಟು ದಿನ ಒಬ್ಬರು ಕಂಬಳಿ ಹೊತ್ತು ಅಲ್ಲೇ ಮಲಗುತ್ತಿದ್ದರು. ಆಮೇಲೆ ರಾಶಿ ಮಷೀನ್ ಬಂತು, ಒಂದೇ ದಿನದಲ್ಲಿ ಚೀಲ ಮನೆ ಸೇರತೊಡಗಿದವು, ವಸ್ತಿ ಹೋಗುವವರು ಕಡಿಮೆಯಾದರು. ಈಗ ಆ ಮಾತು ಮತ್ತೆ ಮನೆಮನೆಯಲ್ಲಿದೆ. ಗೋವಿನಜೋಳ ತೆನೆ ಕಟ್ಟುವಾಗ ವಸ್ತಿ, ಶೇಂಗಾ ಕಾಯಿ ಬಲಿಯುವಾಗ ವಸ್ತಿ, ಬಿಳಿಜೋಳ ಹಾಲುಗಾಳಿಗೆ ಬಂದಾಗ ವಸ್ತಿ. ಕಾರಣ ಕೇಳಿದರೆ ಎರಡೇ ಪದ: "ಹಂದಿ ಬಿದ್ದಾವ."

ಹಂದಿ ಬಿದ್ದ ಶೇಂಗಾ ಹೊಲವನ್ನು ಬೆಳಗಿನ ಹೊತ್ತು ನೋಡಬೇಕು. ಬಳ್ಳಿ ಹಸಿರಾಗಿಯೇ ಇರುತ್ತದೆ, ಬೇರು ಮೇಲಾಗಿರುತ್ತದೆ. ಮೂತಿಯಿಂದ ಸಾಲಿಗೆ ಸಾಲೇ ಎಬ್ಬಿಸಿ ಕಾಯಿ ಮಾತ್ರ ತಿಂದು ಹೋಗಿರುತ್ತವೆ. ಗೋವಿನಜೋಳದಲ್ಲಾದರೆ ತಿಂದದ್ದಕ್ಕಿಂತ ಕೆಡವಿದ್ದು ಜಾಸ್ತಿ. ಹತ್ತು ದಂಟು ಮುರಿದು ಎರಡು ತೆನೆ ಕಡಿದಿರುತ್ತವೆ. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ಎಕರೆಯ ಒಂದು ಮೂಲೆ ಹೋಯಿತೆಂದೇ ಲೆಕ್ಕ. ಬಿತ್ತಿದ್ದು, ಗೊಬ್ಬರ ಹಾಕಿದ್ದು, ಕಳೆ ತೆಗೆಸಿದ್ದು ಎಲ್ಲ ಮುಗಿದ ಮೇಲೆ, ಕೈಗೆ ಬರುವ ವಾರದಲ್ಲಿ ಆಗುವ ನಷ್ಟ ಇದು. ಅದಕ್ಕೇ ಹೊಟ್ಟೆ ಹೆಚ್ಚು ಉರಿಯುವುದು.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ವಿಜಯಪುರ ಜಿಲ್ಲೆಯಲ್ಲಿ ಕಾಡೆಲ್ಲಿದೆ? ಜಿಲ್ಲೆಯ ನೆಲದಲ್ಲಿ ಅರಣ್ಯದ ಹೊದಿಕೆ ನೂರಕ್ಕೆ ಒಂದು ಪಾಲೂ ಇಲ್ಲ. ಹಾಗಿದ್ದರೆ ಈ ಕಾಡುಹಂದಿ ಬಂದದ್ದು ಎಲ್ಲಿಂದ?

ಅದು ಹಿಂದೆಯೂ ಇಲ್ಲಿ ಇತ್ತು. ಕೃಷ್ಣೆ, ಭೀಮೆ, ಡೋಣಿ ಹೊಳೆಗಳ ದಂಡೆಯ ಪೊದೆಗಳಲ್ಲಿ, ಹಳ್ಳದ ಸರುವುಗಳಲ್ಲಿ ಅಲ್ಲೊಂದು ಇಲ್ಲೊಂದು ಹಿಂಡು. ಹಿರಿಯರು ಅದನ್ನು ‘ಮಿಕ’ ಎಂದೂ ಕರೆಯುತ್ತಾರೆ. ಬೇಟೆಯ ಪ್ರಾಣಿ ಎಂಬ ಅರ್ಥ ಆ ಮಾತಿನಲ್ಲೇ ಕೂತಿದೆ. ಕನ್ನಡ ನೆಲದಲ್ಲಿ ಹಂದಿ ಬೇಟೆಗೆ ಎಷ್ಟು ಮಾನವಿತ್ತೆಂದರೆ, ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಒಂದು ಕಲ್ಲು ದೊಡ್ಡ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೇ ನೆಟ್ಟದ್ದು. ನಮ್ಮ ಕಡೆಗೆ ಬಂದರೆ ಮುಧೋಳದ ಬೇಟೆನಾಯಿ ಇದೆ, ಹಲಗಲಿ ಇದೆ. 1857ರ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಬ್ರಿಟಿಷರ ಮೇಲೆ ತಿರುಗಿಬಿದ್ದದ್ದು ಆಯುಧ ಒಪ್ಪಿಸಿರೆಂಬ ಕಾಯ್ದೆಗೆ ಎದುರಾಗಿ. ಆ ಕಥೆಯನ್ನು ನಾವು ಶೌರ್ಯದ ಕಥೆಯಾಗಿ ಕೇಳಿ ಬೆಳೆದಿದ್ದೇವೆ, ಸರಿಯೇ. ಆದರೆ ಆಯುಧವೆಂದರೆ ಬೇಟೆಯಾಡಿ ಬದುಕುವವರ ಅನ್ನದ ಹಾದಿಯೂ ಆಗಿತ್ತು. ಅಲ್ಲಿಂದಾಚೆ ಬಂದೂಕು ಊರಿನ ಕೈಯಿಂದ ಒಂದೊಂದಾಗಿ ಜಾರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯೇ ಅಪರಾಧವಾಯಿತು. ಆ ಕಾಯ್ದೆ ಬೇಕಿತ್ತು, ಅದಿಲ್ಲದೆ ಇವತ್ತು ಬಯಲುಸೀಮೆಯಲ್ಲಿ ಕೃಷ್ಣಮೃಗವೂ ಉಳಿಯುತ್ತಿರಲಿಲ್ಲ. ಹಂದಿಯ ಮಟ್ಟಿಗೆ ಮಾತ್ರ ಅದರ ಪರಿಣಾಮ ಬೇರೆಯಾಯಿತು. ಮರಿ ಹಿಡಿಯುತ್ತಿದ್ದ ತೋಳ ಅಷ್ಟರಲ್ಲಿ ಅಪರೂಪವಾಗಿತ್ತು, ಬೆನ್ನಟ್ಟುತ್ತಿದ್ದ ಮನುಷ್ಯನೂ ನಿಂತ. ಹೆಣ್ಣು ಹಂದಿ ಗಬ್ಬ ಹೊರುವುದು ನಾಲ್ಕು ತಿಂಗಳಿಗೂ ಕಡಿಮೆ. ಒಂದು ಸೂಲಿಗೆ ನಾಲ್ಕಾರು ಮರಿ.

ಇಷ್ಟಾದರೂ ಒಣಬೇಸಾಯದ ಯರೆಭೂಮಿಯಲ್ಲಿ ಹಂದಿ ಹೆಚ್ಚುವಂತಿರಲಿಲ್ಲ. ಅದಕ್ಕೆ ಬೆವರುವ ಮೈಯಿಲ್ಲ, ಬಿಸಿಲಿಗೆ ಕೆಸರು ಬೇಕು, ಹಗಲಿಗೆ ಮರೆ ಬೇಕು. ಹಿಂಗಾರಿ ಜೋಳ ಕೊಯ್ದ ಮೇಲೆ ನಮ್ಮ ಯರೆಯಲ್ಲಿ ಮಳೆಗಾಲದವರೆಗೆ ಮೊಲ ಅಡಗಲೂ ಜಾಗ ಇರುತ್ತಿರಲಿಲ್ಲ. ಆ ಬಯಲಿಗೆ ನೀರು ಬಂತು.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ 1982ರಲ್ಲಿ ನಿಂತಿತು, ಅದರ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ ಹೊರಟಿತು. ಆಲಮಟ್ಟಿ 519.6 ಮೀಟರ್‌ಗೆ ತುಂಬಲು ಇನ್ನೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆಮೇಲೆ ಮುಳವಾಡ, ಚಿಮ್ಮಲಗಿ, ಗುತ್ತಿ ಬಸವಣ್ಣ ಏತ ನೀರಾವರಿಗಳು. ಬಸವನ ಬಾಗೇವಾಡಿಯ, ಮುದ್ದೇಬಿಹಾಳದ ಏರು ಭೂಮಿಗೆ ನೀರು ಹತ್ತಿದ್ದನ್ನು ನೋಡಿ ಅತ್ತವರನ್ನು ನಾನು ಬಲ್ಲೆ. ಅದು ಸಂತೋಷದ ಅಳು. ಬರಕ್ಕೆ ಹೆದರಿ ಪ್ರತಿ ವರ್ಷ ಗೋವಾಕ್ಕೋ ಪುಣೆಗೋ ದುಡಿಯಲು ಹೋಗುತ್ತಿದ್ದ ಊರುಗಳಿವು. ಹಂದಿಯ ಕಥೆ ಹೇಳುವಾಗ ಯಾರೂ ನೀರನ್ನು ಬೈಯಬಾರದು.

ನೀರಿನ ಹಿಂದೆ ಕಬ್ಬು ಬಂತು. ಇಂಡಿ ತಾಲ್ಲೂಕಿನ ಮರಗೂರು, ಸಿಂದಗಿ ಕಡೆಯ ಮಲಘಾಣ, ಮುದ್ದೇಬಿಹಾಳ ಕಡೆಯ ಯರಗಲ್ಲ, ಹೀಗೆ ಸಕ್ಕರೆ ಕಾರ್ಖಾನೆಗಳು ಎದ್ದವು. ಹಂದಿಗೆ ಕಬ್ಬಿಗಿಂತ ಒಳ್ಳೆಯ ಕಾಡು ಇಲ್ಲ. ಹನ್ನೊಂದು ಹನ್ನೆರಡು ತಿಂಗಳು ನಿಲ್ಲುವ ಬೆಳೆ, ಆಳೆತ್ತರದ ಮರೆ, ಒಳಗೆ ಸದಾ ತೇವ, ಹಸಿದರೆ ಕಬ್ಬನ್ನೇ ಕಡಿಯಬಹುದು, ನಡುವೆ ಹೋಗುವ ಮನುಷ್ಯನಿಲ್ಲ. ಅಲ್ಲೇ ಗೂಡು ಮಾಡಿ ಮರಿ ಹಾಕುತ್ತವೆ. ಇತ್ತ ಹಿನ್ನೀರಿಗೆ ಆಹುತಿಯಾದ ನೂರಕ್ಕೂ ಹೆಚ್ಚು ಹಳ್ಳಿಗಳ ಅಂಚಿನಲ್ಲಿ, ಜನ ಬಿಟ್ಟುಹೋದ ಹಾಳು ಗೋಡೆಗಳ ಸುತ್ತ, ಕಾಲುವೆ ಏರಿಯ ಇಕ್ಕೆಲದಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಕಬ್ಬು ಕಡಿದ ತಿಂಗಳುಗಳಿಗೆ ಜಾಲಿಕಂಟಿ, ಜಾಲಿ ಕಡಿದರೆ ಕಬ್ಬು. ನಡುವೆ ಓಡಾಡಲು ಕಾಲುವೆಯ ದಂಡೆ. ಅರಣ್ಯವಿಲ್ಲದ ಜಿಲ್ಲೆಯಲ್ಲಿ ನಾವೇ ಹಂದಿಗೆ ಬೇಕಾದ ಅರಣ್ಯವನ್ನು ತುಂಡು ತುಂಡಾಗಿ ನೆಟ್ಟುಕೊಟ್ಟೆವು.

ಇದರಲ್ಲಿ ನನಗೆ ನುಂಗಲಾಗದ ಸಂಗತಿ ಒಂದಿದೆ. ಹಂದಿ ಇರುವುದು ಕಬ್ಬಿನಲ್ಲಿ, ಉಣ್ಣುವುದು ಪಕ್ಕದ ಹೊಲದಲ್ಲಿ. ಹತ್ತು ಎಕರೆ ಕಬ್ಬಿನಲ್ಲಿ ನಾಲ್ಕು ಗುಂಟೆ ಹೋದರೆ ಅದರ ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ಮಗ್ಗುಲಲ್ಲಿ ಒಂದೆರಡು ಎಕರೆ ಶೇಂಗಾ ಹಾಕಿದವನ ವರ್ಷವೇ ಹೋಗುತ್ತದೆ. ನವೆಂಬರ್ ನಂತರ ಕಡಿಯುವ ಗ್ಯಾಂಗ್ ಇಳಿದಾಗ ಇನ್ನೂ ಕಷ್ಟ. ಕಬ್ಬು ಕಡಿಯುತ್ತ ಕಡಿಯುತ್ತ ಹಂದಿಗಳು ಕೊನೆಯ ಸಾಲುಗಳಿಗೆ ಸರಿಯುತ್ತವೆ, ಅಲ್ಲಿಂದ ಒಮ್ಮೆಲೇ ಹೊರಬಿದ್ದು ಎದುರಿಗಿದ್ದವರ ಮೇಲೆ ಹಾಯುತ್ತವೆ. ಆಗ ಬಯಲಲ್ಲಿ ನಿಂತಿರುವುದು ಜೋಳ, ಕಡಲೆ, ಅಂದರೆ ಒಣಬೇಸಾಯದವರ ಬೆಳೆ.

ಇನ್ನು ಉಪಾಯಗಳ ವಿಷಯ. ಮೊದಲು ಹಳೆಯ ಸೀರೆಗಳು ಬಂದವು. ಹೊಲದ ಸುತ್ತ ಬಣ್ಣಬಣ್ಣದ ಸೀರೆ ಕಟ್ಟಿದ್ದನ್ನು ದಾರಿಯಲ್ಲಿ ಹೋಗುವ ಯಾರಾದರೂ ನೋಡಿರುತ್ತೀರಿ. ವಾರವೊಪ್ಪತ್ತು ಕೆಲಸ ಮಾಡುತ್ತದೆ, ಆಮೇಲೆ ಹಂದಿ ಅದರಡಿಯೇ ನುಸುಳುತ್ತದೆ. ಕ್ಷೌರದಂಗಡಿಯಿಂದ ಕೂದಲು ತಂದು ಬದುವಿಗೆ ಉದುರಿಸಿದರು, ಮೂಸಿದಾಗ ಮೂಗಿಗೆ ಹೋಗಲೆಂದು. ಮಳೆ ಬಂದರೆ ಅದೂ ಹೋಯಿತು. ಫೋರೇಟ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕಿದರು, ಆ ಔಷಧ 2020ರ ಕೊನೆಗೆ ದೇಶದಲ್ಲಿ ನಿಷೇಧವಾಯಿತು. ಆಗಬೇಕಾದದ್ದೇ, ಅದನ್ನು ಮುಟ್ಟಿದ ಕೈಯಲ್ಲಿ ಬುತ್ತಿ ಉಣ್ಣುವ ಜನ ನಮ್ಮವರು. ಈಗ ಬ್ಯಾಟರಿಗೆ ಕಟ್ಟಿದ ಧ್ವನಿಪೆಟ್ಟಿಗೆ ರಾತ್ರಿಯಿಡೀ "ಹೋಯ್ ಹೋಯ್" ಎಂದು ಕೂಗುತ್ತದೆ, ನಾಯಿ ಬೊಗಳುತ್ತದೆ, ಪಟಾಕಿ ಸಿಡಿಯುತ್ತದೆ. ಹಂದಿ ದಡ್ಡ ಪ್ರಾಣಿಯಲ್ಲ. ಹೊಡೆಯದ ಕೂಗು ಯಾವುದೆಂದು ಬೇಗ ಕಲಿಯುತ್ತದೆ.

ಹತಾಶೆ ಹೆಚ್ಚಾದಾಗ ಕೆಲವರು ಸಿಡಿಮದ್ದಿನ ಉಂಡೆಗೂ ಉರುಳಿಗೂ ಇಳಿಯುತ್ತಾರೆ. ಅದರ ಬಾಯಿಗೆ ಸಿಗುವುದು ದನ, ನಾಯಿ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್‌ನಲ್ಲಿ ಗಬ್ಬದ ಆನೆಯೊಂದು ಇಂಥ ಮದ್ದಿಟ್ಟ ಹಣ್ಣು ಕಡಿದು ನೀರಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಅದಕ್ಕಿಂತ ಕೆಟ್ಟದ್ದು, ಪಂಪ್‌ಸೆಟ್ ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಕರೆಂಟ್ ಕೊಡುವುದು. 230 ವೋಲ್ಟ್ ಹಿಡಿದರೆ ಬಿಡುವುದಿಲ್ಲ. ರಾತ್ರಿ ನೀರು ಹಾಯಿಸಲು ಬಂದ ಮಗ, ಸೊಸೆ, ಪಕ್ಕದ ಹೊಲದವ ಯಾರ ಕಾಲಾದರೂ ಅದಕ್ಕೆ ಒಂದೇ. ಇದನ್ನು ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ನಮ್ಮ ಕಡೆ ‘ಝಟಕಾ ಮಷೀನ್’ ಎನ್ನುವ ಸೋಲಾರ್ ಬೇಲಿಯ ಯಂತ್ರವೇ ಬೇರೆ. ಅದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಏಟು ಕೊಡುತ್ತದೆ. ನೋವಾಗುತ್ತದೆ, ಬಿಡಿಸಿಕೊಳ್ಳಲು ಹೊತ್ತು ಸಿಗುತ್ತದೆ.

ಈ ಬೇಲಿಯ ಖರ್ಚನ್ನು ಒಮ್ಮೆ ಗುಂಟೆಯ ಲೆಕ್ಕದಲ್ಲೇ ನೋಡಿ. ಒಂದು ಎಕರೆ ಸರಿಯಾದ ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲಾಗಿ ಉಳಿದಿರುವ ಎಕರೆ ಚೌಕವಾಗಿರುವುದಿಲ್ಲ. ಅಗಲ ಎರಡು ಗುಂಟೆ, ಉದ್ದ ಇಪ್ಪತ್ತು ಗುಂಟೆಯ ಪಟ್ಟಿ, ಅಂದರೆ 66 ಅಡಿಗೆ 660 ಅಡಿ. ಅದರ ಸುತ್ತಳತೆ 1,452 ಅಡಿ. ಹತ್ತು ಅಡಿಗೊಂದು ಕಂಬವೆಂದರೆ ಚೌಕದ ಎಕರೆಗೆ 84 ಕಂಬ, ಪಟ್ಟಿ ಎಕರೆಗೆ 145. ಐದೆಳೆ ತಂತಿ ಎಳೆದರೆ 7,260 ಅಡಿ ತಂತಿ. ಅದೇ ನಾಲ್ಕು ಎಕರೆಯ ಚೌಕಕ್ಕೆ ಸುತ್ತಳತೆ 1,670 ಅಡಿ ಮಾತ್ರ. ಭೂಮಿ ನಾಲ್ಕು ಪಟ್ಟು, ಬೇಲಿ ಒಂದೇ ಎಕರೆಯ ಪಟ್ಟಿಗಿಂತ ತುಸುವೇ ಹೆಚ್ಚು. ಸಣ್ಣ ಹಿಡುವಳಿದಾರ ದೊಡ್ಡವನಿಗಿಂತ ಎಕರೆಗೆ ಮೂರು ನಾಲ್ಕು ಪಟ್ಟು ಖರ್ಚು ಮಾಡಿದರೆ ಮಾತ್ರ ಅಷ್ಟೇ ರಕ್ಷಣೆ. ಅದರ ಮೇಲೆ ಬೇಲಿಯಡಿಯ ಹುಲ್ಲು ಕೀಳುತ್ತಲೇ ಇರಬೇಕು, ತಂತಿಗೆ ಹುಲ್ಲು ತಾಗಿದರೆ ಝಟಕಾ ನೆಲಕ್ಕೆ ಇಳಿದುಹೋಗುತ್ತದೆ.

ಬೇಲಿ ಹಾಕಲಾಗದವನಿಗೆ ವಸ್ತಿಯೇ ಗತಿ. ಅದನ್ನು ಖರ್ಚೆಂದು ಯಾರೂ ಬರೆದಿಡುವುದಿಲ್ಲ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ರಾತ್ರಿಯ ಕಾವಲಿಗೆ ಅಷ್ಟೇ ಬೆಲೆ ಕಟ್ಟಿದರೂ 60 ರಾತ್ರಿಗೆ 22,200 ರೂಪಾಯಿ. ಅದೇ ವರ್ಷ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಅಂದರೆ ಒಂಬತ್ತು ಕ್ವಿಂಟಲಿಗೂ ಮಿಕ್ಕಿದ ಗೋವಿನಜೋಳವನ್ನು ಆತ ನಿದ್ದೆಗೆಟ್ಟು ತೆತ್ತಿರುತ್ತಾನೆ. ಮರುದಿನ ಕೂಲಿಗೆ ಹೋಗಲಾಗದ್ದು, ಹಾವು ಚೇಳಿನ ಭಯ, ಮನೆಯಲ್ಲಿ ಹೆಂಡತಿಯೂ ಎಚ್ಚರವೇ ಇರುವುದು ಈ ಲೆಕ್ಕದಲ್ಲಿ ಇಲ್ಲ.

ಕೊಲ್ಲಲು ಅನುಮತಿ ಕೊಟ್ಟರೆ ಮುಗಿಯಲಿಲ್ಲವೇ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ ಕಾರಣ ಬರೆದು ಬೇಟೆಗೆ ಅನುಮತಿ ಕೊಡುವ ಅಧಿಕಾರ ಕಾಯ್ದೆಯ 11ನೇ ಕಲಮಿನಲ್ಲೇ ಇದೆ. ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಒಂದು ಅವಧಿಗೆ ಪೀಡೆ ಎಂದೇ ಘೋಷಿಸಿತ್ತು. ಕೇರಳ 2022ರಲ್ಲಿ ಪಂಚಾಯಿತಿ ಅಧ್ಯಕ್ಷರ ಕೈಗೆ ಗುಂಡು ಹಾರಿಸಲು ಅನುಮತಿಸುವ ಅಧಿಕಾರ ಕೊಟ್ಟಿತು. ಆದರೆ ಅಮೆರಿಕದ ಟೆಕ್ಸಾಸ್‌ನತ್ತ ನೋಡಿ. ಸ್ಪೇನಿನವರು 16ನೇ ಶತಮಾನದಲ್ಲಿ ಹಡಗಿನಲ್ಲಿ ತಂದ ಸಾಕುಹಂದಿ ಆ ದೇಶದಲ್ಲಿ ಕಾಡು ಬಿದ್ದು ಲಕ್ಷಗಟ್ಟಲೆಯಾಯಿತು, ಅಲ್ಲಿ 2011ರಿಂದ ಹೆಲಿಕಾಪ್ಟರ್‌ನಿಂದ ಹೊಡೆಯಲೂ ಅವಕಾಶವಿದೆ. ಆದರೂ ಸಂಖ್ಯೆ ಹೆಚ್ಚದಂತೆ ತಡೆಯಲು ವರ್ಷಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಹಂದಿಗಳನ್ನು ತೆಗೆಯಬೇಕು ಎಂಬುದು ಅಲ್ಲಿನವರ ಲೆಕ್ಕ. ಒಂದೆರಡನ್ನು ಹೊಡೆದರೆ ಉಳಿದ ಹಿಂಡು ಚದುರಿ ಪಕ್ಕದ ಹೊಲ ಸೇರುತ್ತದೆ, ಅಷ್ಟೆ. ಕಬ್ಬಿನೊಳಗೆ ಕಾಣದ ಪ್ರಾಣಿಗೆ, ಆಳು ಓಡಾಡುವ ಹೊಲದಲ್ಲಿ, ಗುಂಡು ಹಾರಿಸುವವರು ಯಾರು?

ಪರಿಹಾರ ಕೇಳಲು ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಪಹಣಿ ಬೇಕು, ಫೋಟೋ ಬೇಕು. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಾಕಿಕೊಂಡವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆವಿಮೆಯಲ್ಲಿ ಕಾಡುಪ್ರಾಣಿ ಹಾನಿಯನ್ನೂ ಸೇರಿಸುವುದಾಗಿ, ಅದು 2026ರ ಮುಂಗಾರಿನಿಂದ ಜಾರಿಯೆಂದು ಪ್ರಕಟಿಸಿತು. ಹಾನಿಯಾದ 72 ಗಂಟೆಯೊಳಗೆ ಜಾಗದ ಗುರುತಿರುವ ಫೋಟೋ ಸಮೇತ ತಿಳಿಸಬೇಕು. ಊರಿನ ಮೊಬೈಲ್ ಹುಡುಗರು ಇದನ್ನು ಈಗಲೇ ಹಿರಿಯರಿಗೆ ಹೇಳಿಕೊಡಲಿ.

ನನಗೆ ಆಸೆ ಹುಟ್ಟಿಸಿದ ಉಪಾಯ ಹೊಸದಲ್ಲ. ನಮ್ಮ ಬಿಳಿಜೋಳದ ಹೊಲದ ಅಂಚಿಗೆ ಕೆಲವು ಸಾಲು ಕುಸುಬಿ ಬಿತ್ತುವ ರೂಢಿ ಇತ್ತು. ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ, ಮನೆಗೆ ವರ್ಷದ ಎಣ್ಣೆಯೂ ಆಗುತ್ತಿತ್ತು. ಹೈದರಾಬಾದಿನ ಕೃಷಿ ವಿಶ್ವವಿದ್ಯಾಲಯದ ತಜ್ಞರು ಕಾಡುಹಂದಿಗೆ ಹುಡುಕಿದ ಉಪಾಯಗಳಲ್ಲಿ ಅದೇ ಇದೆ: ಶೇಂಗಾದ ಸುತ್ತ ಒತ್ತಾಗಿ ನಾಲ್ಕು ಸಾಲು ಕುಸುಬಿ, ಗೋವಿನಜೋಳದ ಸುತ್ತ ಔಡಲ. ಕುಸುಬಿಯ ಮುಳ್ಳು ಮೂತಿಗೆ ಚುಚ್ಚುತ್ತದೆ, ಅದರ ವಾಸನೆ ಒಳಗಿನ ಬೆಳೆಯ ವಾಸನೆಯನ್ನು ಮುಚ್ಚುತ್ತದೆ. ಕಬ್ಬು ಬಂದ ಮೇಲೆ ನಾವು ಬದುವನ್ನೂ ಬಿಡದೆ ಉತ್ತೆವು, ಕುಸುಬಿ ಕೊಯ್ಯುವ ಆಳು ಸಿಗಲಿಲ್ಲ, ಅಂಗಡಿಯ ಎಣ್ಣೆ ಅಗ್ಗವಾಯಿತು, ಆ ಸಾಲು ಹೋಯಿತು. ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ಹೇಳಲಾರೆ. ಒತ್ತಿನ ನಾಲ್ಕಾರು ಮನೆಯವರು ಕೂಡಿ ಹದಿನಾರು ಎಕರೆಗೆ ಒಂದೇ ಝಟಕಾ ಬೇಲಿ ಹಾಕಿಕೊಂಡರೆ ಎಕರೆಗೆ ಬರುವುದು 209 ಅಡಿ ಮಾತ್ರ. ಸಹಾಯಧನ ಕೊಡುವವರು ಒಬ್ಬೊಬ್ಬ ರೈತನಿಗೆ ಕೊಡುವ ಬದಲು ಇಂಥ ಗುಂಪಿಗೆ ಕೊಡಲಿ, ಕಬ್ಬಿನ ಮಾಲೀಕರೂ ಅದರಲ್ಲಿ ಪಾಲು ಹಾಕಲಿ ಎಂಬುದು ನನ್ನ ಬೇಡಿಕೆ.

ಹೋದ ಹಿಂಗಾರಿನಲ್ಲಿ ಕಾಕಾನ ಹೊಲಕ್ಕೆ ಹೋಗಿದ್ದೆ. ಮಂಚಿಗೆಯ ಮೇಲೆ ಕಂಬಳಿ ಮಡಚಿಟ್ಟು, ಟಾರ್ಚಿಗೆ ಸೆಲ್ ಹಾಕುತ್ತ ಕೂತಿದ್ದ. ಕಬ್ಬಿನ ಕಡೆಯ ಬದುವಿನಗುಂಟ ನಾಲ್ಕು ಸಾಲು ಮುಳ್ಳು ಗಿಡ ಆಗಷ್ಟೇ ಮೊಗ್ಗು ಕಟ್ಟಿದ್ದವು.

"ಇದೇನು ಕಾಕಾ, ಕುಸುಬಿ?"

"ಹೂಂ. ಹಂದಿ ಅಂಜತೈತೋ ಇಲ್ಲೋ ನೋಡೂಣು. ಎಣ್ಣಿ ಅಂತೂ ಮನಿದ ಆಗತೈತಿ."