ಒಂದು ಕ್ರಿಯಾಪದದ ಬೆಲೆ

‘ಅಂತಾರಾಷ್ಟ್ರೀಯ ಸಂಬಂಧಗಳನ್ನು ಓದುವ ಹುಡುಗನಿಗೆ ಇಂಗ್ಲಿಷ್ ಬಂದರೆ ಸಾಲದೆ? ಮೇಲೆ ಇನ್ನೊಂದು ಪರಭಾಷೆಯ ಹೊರೆ ಏತಕ್ಕೆ?’ ಎಂದು ಕೇಳುವ ತಾಯಿತಂದೆಗಳುಂಟು. ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ.

1889ರಲ್ಲಿ ಇಥಿಯೋಪಿಯದ ದೊರೆ ಎರಡನೆಯ ಮೆನೆಲಿಕ್, ವುಚಾಲೆ ಎಂಬಲ್ಲಿ ಇಟಲಿಯೊಡನೆ ಒಂದು ಒಪ್ಪಂದ ಮಾಡಿಕೊಂಡನು. ಒಪ್ಪಂದ ಒಂದೇ, ಪ್ರತಿಗಳು ಎರಡು. ಪರರಾಷ್ಟ್ರಗಳೊಡನೆ ವ್ಯವಹರಿಸುವಾಗ ಇಥಿಯೋಪಿಯವು ಇಟಲಿಯ ನೆರವನ್ನು ‘ಪಡೆಯಬಹುದು’ ಎಂಬುದು ಆ ನಾಡಿನ ಅಮ್ಹಾರಿಕ್ ಭಾಷೆಯ ಪ್ರತಿಯಲ್ಲಿದ್ದ 17ನೆಯ ವಿಧಿಯ ಅರ್ಥ. ಇಟಾಲಿಯನ್ ಪ್ರತಿಯಲ್ಲಿ ಅದೇ ವಿಧಿ ‘ಪಡೆಯತಕ್ಕದ್ದು’ ಎಂಬ ಅರ್ಥ ತಾಳಿತು. ಅಷ್ಟರ ಬಲದಿಂದಲೇ ಇಟಲಿಯು ಇಥಿಯೋಪಿಯವನ್ನು ತನ್ನ ರಕ್ಷಿತ ರಾಜ್ಯವೆಂದು ಸಾರಿತು. ಮೆನೆಲಿಕ್ 1893ರಲ್ಲಿ ಒಪ್ಪಂದವನ್ನೇ ತಳ್ಳಿಹಾಕಿದನು. ಮಾತಿನ ಜಗಳ ಯುದ್ಧಕ್ಕೆ ತಿರುಗಿ, 1896ರ ಮಾರ್ಚ್ 1ರಂದು ಅಡ್ವಾ ರಣರಂಗದಲ್ಲಿ ಇಟಲಿ ಸೋತಿತು. ಎರಡು ಕಡೆಯೂ ಸಾವಿರಾರು ಮಂದಿ ಮಡಿದರು.

ಭಾರತೀಯ ವಿದೇಶಾಂಗ ಸೇವೆಗೆ ಸೇರಿದವರು ಒಂದು ಪರಭಾಷೆಯನ್ನು ಕಲಿಯಲೇಬೇಕೆಂಬ ನಿಯಮದ ಔಚಿತ್ಯ ಇದರಿಂದ ತಿಳಿಯುತ್ತದೆ. ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಅಧ್ಯಯನ ಸಂಸ್ಥೆ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದೊಡನೆ ಕೂಡಿತು. ಅಲ್ಲಿ ರಾಜನೀತಿಯ ಪಾಠವೂ ರಷ್ಯನ್, ಚೀನೀ, ಅರಬ್ಬಿ ಮೊದಲಾದ ಭಾಷೆಗಳ ಪಾಠವೂ ಒಂದೇ ಆವರಣದಲ್ಲಿ ನಡೆಯುತ್ತವೆ.

ರಾಜನೀತಿಯ ಗ್ರಂಥಗಳನ್ನು ನಡುವಯಸ್ಸಿನಲ್ಲಿಯೂ ಓದಬಹುದು. ನಾಲಗೆ ಪಳಗಲು ಎಳೆಯ ವಯಸ್ಸೇ ಮೇಲು. ನಿಮ್ಮ ಮಗನೋ ಮಗಳೋ ಸಂಜೆಯ ಹೊತ್ತು ಪರಭಾಷೆಯ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದರೆ ಕಾಲಹರಣವೆಂದು ಗದರಬೇಡಿ. ‘ಬಹುದು’ ಎಲ್ಲಿ, ‘ತಕ್ಕದ್ದು’ ಎಲ್ಲಿ ಎಂದು ಸಹಿಗೆ ಮೊದಲೇ ಗುರುತಿಸುವವರು ನಾಡಿಗೆ ಬೇಕು.