ಅಪ್ಪನ ಕರಿ ಕಾರಿಗೆ ಎಷ್ಟು ದಿನದ ಹೊಳಪು?

ಕಪ್ಪು ಬಣ್ಣದ ಕಾರು ಬೇಡ ಎಂದು ಅಪ್ಪನಿಗೆ ಹೇಳದವರೇ ಇರಲಿಲ್ಲ. ಕೂಡ್ಲಿಗಿಯಂಥ ಕೆಂಪುಮಣ್ಣಿನ ಸೀಮೆಯಲ್ಲಿ ಕಪ್ಪು ಕಾರು ಸಾಕುವುದೆಂದರೆ ಬಿಳಿ ಪಂಚೆ ಉಟ್ಟು ಶೇಂಗಾ ಕೀಳಲು ಹೋದಂತೆ. ಅಪ್ಪ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಲಾರಿ ಓಡಿಸಿದ ಮನುಷ್ಯ. ಮಂಡಿನೋವು ಶುರುವಾಗಿ ಲಾರಿ ಬಿಟ್ಟ ಮೇಲೆ, ಕೂಡಿಟ್ಟ ದುಡ್ಡಿನಲ್ಲಿ ಒಂಬತ್ತು ವರ್ಷ ಹಳೆಯ ಸ್ವಿಫ್ಟ್ ಕೊಂಡರು. ಅವರ ಹೆಸರಿನಲ್ಲಿ ಬಂದ ಮೊದಲ ವಾಹನ ಅದು. ಆರ್‌ಸಿ ಕಾರ್ಡ್ ಕೈಗೆ ಬಂದ ದಿನ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅವ್ವನ ಕೈಗೆ ಕೊಟ್ಟು ದೇವರ ಮುಂದೆ ಇಡಿಸಿದರು.

ಅಂಥ ಕಾರಿನ ಬಣ್ಣವನ್ನು ಮೂರೇ ದಿನದಲ್ಲಿ ಸುಟ್ಟವನು ನಾನು.

ಬಾನೆಟ್ ಸ್ವಲ್ಪ ಮಂಕಾಗಿತ್ತು. ‘ನಾನೇ ಮಿಂಚಿಸ್ತೀನಿ’ ಎಂದು ಅಂಗಡಿಗೆ ಹೋಗಿ ‘ಒಳ್ಳೆ ಪಾಲಿಶ್ ಕೊಡಿ’ ಎಂದೆ. ಕೊಟ್ಟದ್ದು ರಬ್ಬಿಂಗ್ ಕಾಂಪೌಂಡ್. ಅಂಗಡಿಯವರದೇನೂ ತಪ್ಪಿಲ್ಲ, ನಮ್ಮ ಕಡೆ ಕಾರಿಗೆ ಹಚ್ಚುವುದೆಲ್ಲ ಪಾಲಿಶ್ಶೇ. ವೆಲ್ಡಿಂಗ್ ಅಂಗಡಿಯ ಗೆಳೆಯನಿಂದ ಗ್ರೈಂಡರ್ ತಂದು, ಅದಕ್ಕೆ ಸ್ಪಂಜಿನ ಪ್ಯಾಡ್ ಸಿಕ್ಕಿಸಿ ಶುರು ಮಾಡಿದೆ. ಕಬ್ಬಿಣ ಕತ್ತರಿಸುವ ಆ ಯಂತ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕಾರು ಪಾಲಿಶ್ ಮಾಡುವ ಯಂತ್ರದ ವೇಗ ಅದರ ಕಾಲು ಭಾಗವೂ ಇರುವುದಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಬಾನೆಟ್ಟಿನ ಏಣಿನ ಮೇಲೆ ಪ್ಯಾಡ್ ಎರಡು ಕ್ಷಣ ಹೆಚ್ಚು ನಿಂತಿತು. ಸುಟ್ಟ ಪ್ಲಾಸ್ಟಿಕ್ ವಾಸನೆ. ಒರೆಸಿ ನೋಡಿದರೆ ಅಂಗೈ ಅಗಲ ಜಾಗದಲ್ಲಿ ಹೊಳಪೇ ಇಲ್ಲ, ಹಲಗೆಯ ಮೇಲಿನ ಕಪ್ಪಿನ ಹಾಗೆ ಒಣಗಿದ ಕಪ್ಪು.

ಅಪ್ಪ ಬಂದು ನೋಡಿದರು, ಬೆರಳಿಂದ ಸವರಿದರು. ಬೈಯಲಿಲ್ಲ. ‘ಊಟ ಮಾಡಿದ್ಯೇನಲೇ ತಮ್ಮಾ’ ಎಂದು ಕೇಳಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯಿಂದ ನಾನು ಕಾರಿನ ಬಣ್ಣದ ವಿದ್ಯಾರ್ಥಿ. ಬಿಕಾಂಗೆ ಅಷ್ಟು ಓದಿದ್ದರೆ ರ‍್ಯಾಂಕ್ ಬರುತ್ತಿತ್ತೇನೋ.

ಮೊದಲು ತಿಳಿದದ್ದು ಇದು. ನಾವು ಕಾರಿನ ಬಣ್ಣ ಎನ್ನುವುದು ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಇರುವುದು ಅದರಲ್ಲಿ, ಬಿಸಿಲನ್ನು ತಡೆಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಎಂದರೆ ಈ ಪದರವನ್ನೇ ನುಣ್ಣಗೆ ತೇಯುವುದು. ಗೀರು ಮಾಯವಾಗುವುದು ತುಂಬಿಕೊಂಡದ್ದರಿಂದಲ್ಲ, ಅಕ್ಕಪಕ್ಕದ ಜಾಗವನ್ನೂ ಗೀರಿನ ಆಳಕ್ಕೆ ತೇಯ್ದದ್ದರಿಂದ. ಹಾಗಾಗಿ ಪ್ರತಿ ಪಾಲಿಶ್‌ಗೂ ಕಾರು ಸ್ವಲ್ಪ ಸವೆಯುತ್ತದೆ. ವ್ಯಾಕ್ಸ್ ಇದಕ್ಕೆ ತದ್ವಿರುದ್ಧ. ಅದು ಏನನ್ನೂ ತೇಯುವುದಿಲ್ಲ, ಮೇಲೆ ಕೂತು ಕ್ಲಿಯರ್ ಕೋಟ್ ಬದಲು ತಾನು ಸವೆಯುತ್ತದೆ. ನಾನು ತರಬೇಕಾಗಿದ್ದದ್ದು ವ್ಯಾಕ್ಸ್. ಈ ವ್ಯತ್ಯಾಸ ಗೊತ್ತಿದ್ದರೆ ಬಾನೆಟ್ ಉಳಿಯುತ್ತಿತ್ತು.

ಹೊಸಪೇಟೆಯ ಒಂದು ಅಂಗಡಿಗೆ ಹೋಗಿ ವಿಚಾರಿಸಿದೆ. ಸೆರಾಮಿಕ್ ಕೋಟಿಂಗ್ ಮಾಡಿಸಿ, 18 ಸಾವಿರ, ಐದು ವರ್ಷ ತಲೆನೋವಿಲ್ಲ, ‘9 ಎಚ್’ ಗಟ್ಟಿ ಸರ್ ಎಂದರು. ಒಂಬತ್ತು ಅಂದಾಗ ನನಗೆ ವಜ್ರದ ಹತ್ತಿರ ಹತ್ತಿರ ಎನಿಸಿತು, ಹತ್ತಲ್ಲವೇ ವಜ್ರ? ಆದರೆ ಈ ‘ಎಚ್’ ನಾವು ಶಾಲೆಯಲ್ಲಿ ಹಿಡಿದ ಎಚ್‌ಬಿ ಪೆನ್ಸಿಲ್ಲಿನ ಎಚ್. ಬೇರೆ ಬೇರೆ ಗಟ್ಟಿತನದ ಪೆನ್ಸಿಲ್ ಒತ್ತಿ ಎಳೆದು, ಯಾವುದಕ್ಕೆ ಗೀರು ಬೀಳುತ್ತದೆ ಎಂದು ನೋಡುವ ಪರೀಕ್ಷೆ ಅದು. 9 ಎಚ್ ಪೆನ್ಸಿಲ್ಲನ್ನು ತಡೆಯುವ ಪದರ ನಮ್ಮ ರಸ್ತೆಯ ಮರಳನ್ನು ತಡೆಯುತ್ತದೆ ಎಂದೇನಲ್ಲ. ಮರಳೆಂದರೆ ಬೆಣಚುಕಲ್ಲಿನ ಪುಡಿ. ಸೆರಾಮಿಕ್ ಮೋಸ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದನ್ನು ಸರಿಯಾಗಿ ಹಾಕಿದರೆ ವ್ಯಾಕ್ಸ್‌ಗಿಂತ ಎಷ್ಟೋ ಹೆಚ್ಚು ದಿನ ಬರುತ್ತದೆ. ಆದರೆ ಅವರ ಗ್ಯಾರಂಟಿ ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಬೇಕು, ಗಡಸು ನೀರು ಒಣಗಲು ಬಿಡಬಾರದು, ವರ್ಷಕ್ಕೊಮ್ಮೆ ಅವರಲ್ಲೇ ಸರ್ವಿಸ್ ಮಾಡಿಸಬೇಕು ಎಂದಿತ್ತು. ನಮ್ಮ ಬೀದಿಗೆ ನಲ್ಲಿ ನೀರು ಯಾವಾಗ ಬರುತ್ತದೆಂದು ನೀರು ಬಿಡುವವನಿಗೇ ಗೊತ್ತಿರುವುದಿಲ್ಲ. ಉಳಿದದ್ದು ಬೋರ್ ನೀರು. ಅದರಲ್ಲಿ ತೊಳೆದ ಕೊಡಕ್ಕೆ ತಿಂಗಳಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ.

ಮನೆಗೆ ಬಂದು ಐದು ವರ್ಷದ ಮಾತು ಹೇಳಿದೆ. ಅಪ್ಪ ನಕ್ಕರು. ‘ಲಾರಿ ಟೈರಿಗೂ ಇಷ್ಟು ಸಾವಿರ ಕಿಲೋಮೀಟರ್ ಅಂತ ಹೇಳ್ತಾರಪ್ಪ. ಯಾವ ರೋಡಿನಾಗೆ ಅಂತ ಹೇಳಂಗಿಲ್ಲ.’

ಹಾಗಾದರೆ ನಮ್ಮ ರೋಡಿನಾಗೇ ನೋಡಿಬಿಡೋಣ ಎಂದುಕೊಂಡೆ. ಎರಡು ಡಬ್ಬಿ ತರಿಸಿದೆ. ಒಂದು ಸುಮಾರು 500 ರೂಪಾಯಿಯ ಕಾರ್ನೌಬಾ ಪೇಸ್ಟ್ ವ್ಯಾಕ್ಸ್. ಇನ್ನೊಂದು 900 ರೂಪಾಯಿಯ ಪಾಲಿಮರ್ ಸೀಲಂಟ್, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಕೃತಕ ವ್ಯಾಕ್ಸ್.

ಕಾರ್ನೌಬಾದ ಕಥೆ ನನಗೆ ತುಂಬ ಇಷ್ಟವಾಯಿತು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಜಾತಿಯ ಮರ ಅದು. ನಮ್ಮಂಥದೇ ಬಿಸಿಲು, ಮಳೆ ಅಪರೂಪದ ಸೀಮೆ. ಎಲೆಯ ನೀರು ಆವಿಯಾಗದಿರಲೆಂದು ಮರ ಎಲೆಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಎಲೆ ಒಣಗಿಸಿ, ಬಡಿದು ಆ ಮೇಣ ತೆಗೆಯುತ್ತಾರೆ. ಜೇನುಮೇಣ 62–64 ಡಿಗ್ರಿಗೆ ಕರಗಿದರೆ ಇದು ಕರಗಲು 82 ಡಿಗ್ರಿ ದಾಟಬೇಕು. ನಾವು ತಿನ್ನುವ ಎಷ್ಟೋ ಚಾಕೊಲೇಟ್ ಗೋಲಿ, ಮಾತ್ರೆಗಳ ಹೊಳಪಿಗೂ ಇದನ್ನೇ ಬಳಸುತ್ತಾರೆ. ಆದರೆ ಶುದ್ಧ ಕಾರ್ನೌಬಾ ಇಟ್ಟಿಗೆಯಂತೆ ಗಟ್ಟಿ, ಹಾಗೇ ಹಚ್ಚಲಾಗದು. ಡಬ್ಬಿಯಲ್ಲಿರುವುದು ದ್ರಾವಕ, ಎಣ್ಣೆ, ಬೇರೆ ಮೇಣಗಳ ಜೊತೆ ಬೆರೆಸಿದ್ದು. ಡಬ್ಬಿಯ ಮೇಲೆ ‘ನೂರಕ್ಕೆ ನೂರು’ ಎಂದಿದ್ದರೆ ನಗಬಹುದು.

ಯುಗಾದಿ ಮುಗಿದ ವಾರ, ಬೆಳಿಗ್ಗೆ ಆರಕ್ಕೆ, ಬಾನೆಟ್ ತಣ್ಣಗಿರುವಾಗ ಕೆಲಸ ಶುರು. ಬಿಸಿ ತಗಡಿನ ಮೇಲೆ ಹಚ್ಚಿದರೆ ಅಲ್ಲೇ ಒಣಗಿ ಹಿಡಿದುಕೊಳ್ಳುತ್ತದೆ, ಒರೆಸಲು ಬರುವುದಿಲ್ಲ. ಬಾನೆಟ್ಟನ್ನು ಟೇಪು ಅಂಟಿಸಿ ಮೂರು ಪಟ್ಟೆ ಮಾಡಿದೆ. ಎಡಕ್ಕೆ ಕಾರ್ನೌಬಾ, ಬಲಕ್ಕೆ ಸೀಲಂಟ್, ನಡುವೆ ಏನೂ ಇಲ್ಲ. ಅಪ್ಪ ಎದುರಿಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದರು. ‘ವಿಭೂತಿ ಪಟ್ಟೆ ಬಳದಂಗೆ ಐತೆ’ ಎಂದರು. ಆದರೆ ಮಾರನೇ ದಿನ ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಪಕ್ಕ ಅವರ ಅಕ್ಷರದಲ್ಲಿ ‘ಮೇಣ’ ಎಂದು ಬರೆದಿತ್ತು. ಲಾರಿಯ ಡೀಸೆಲ್, ಗ್ರೀಸ್, ಟೈರು ಎಲ್ಲದರ ಲೆಕ್ಕವನ್ನೂ ಅವರು ಹೀಗೆಯೇ ಬರೆದಿಟ್ಟವರು.

ಪರೀಕ್ಷೆ ಸುಲಭ. ಚೊಂಬಿನಲ್ಲಿ ನೀರು ಚಿಮುಕಿಸಬೇಕು. ಮೇಣವಿದ್ದ ಕಡೆ ಕೆಸುವಿನ ಎಲೆಯ ಮೇಲಿನ ಹಾಗೆ ದುಂಡು ಹನಿ, ಇಲ್ಲದ ಕಡೆ ಚಪ್ಪಟೆ ನೀರು. ಮೊದಲ ತಿಂಗಳು ಎರಡೂ ಪಟ್ಟೆ ಸಮ. ನೋಡಲು ಕಾರ್ನೌಬಾವೇ ಚೆಂದ, ಕಪ್ಪು ಇನ್ನಷ್ಟು ಕಪ್ಪಾಗಿತ್ತು. ಮೇ ತಿಂಗಳ ಬಿಸಿಲಿಗೆ ಅದು ಸೋತಿತು. ಆರನೇ ವಾರಕ್ಕೆ ಎಡ ಪಟ್ಟೆಗೂ ನಡುವಿನದಕ್ಕೂ ವ್ಯತ್ಯಾಸ ಕಾಣಲಿಲ್ಲ. ಸೀಲಂಟ್ ಮಾತ್ರ ಜೂನಿನಲ್ಲೂ ಗಟ್ಟಿಯಾಗಿತ್ತು. ಜುಲೈ ಮೊದಲಿಗೆ ಅದೂ ಮಲಗಿತು, ಮೂರು ತಿಂಗಳಿಗೆ ಮುಗಿಯಿತು ಎಂದುಕೊಂಡೆ.

ಇಲ್ಲೇ ಅಪ್ಪ ನನ್ನನ್ನು ಸೋಲಿಸಿದ್ದು. ‘ಮೇಣ ಹೋಗಿಲ್ಲಪ್ಪ, ಮ್ಯಾಲೆ ಧೂಳು ಕುಂತೈತೆ’ ಎಂದರು. ನಾನು ಒಪ್ಪಲಿಲ್ಲ. ಅವರೇ ಶಾಂಪೂ ನೀರು ಮಾಡಿ, ಮೆತ್ತನೆ ಬಟ್ಟೆಯಲ್ಲಿ ನಿಧಾನ ತೊಳೆದು ನೀರು ಚಿಮುಕಿಸಿದರು. ಬಲ ಪಟ್ಟೆಯ ಮೇಲೆ ಹನಿಗಳು ಮತ್ತೆ ದುಂಡಗೆ ಎದ್ದು ನಿಂತವು. ಎಡ ಪಟ್ಟೆಯಲ್ಲಿ ಏಳಲಿಲ್ಲ. ಸೀಲಂಟ್ ಆಗಸ್ಟ್ ಕೊನೆಯವರೆಗೂ ಬಂತು. ಹನಿ ನಿಲ್ಲದಿದ್ದರೆ ಮೇಣ ಮುಗಿದಿದೆ ಎಂದೇ ನಾನು ಓದಿದ್ದೆ. ಸಂಡೂರಿನ ಅದಿರು ಲಾರಿಗಳ ಹಿಂದೆ, ಹೆದ್ದಾರಿ 50ರ ಪಕ್ಕ ನಿಲ್ಲುವ ಕಾರಿಗೆ ಆ ಮಾತು ಅರ್ಧ ಮಾತ್ರ ನಿಜ.

ಹಾಗಾಗಿ ನಮ್ಮ ಮನೆಯ ತೀರ್ಮಾನ ಸೀಲಂಟ್. ವರ್ಷಕ್ಕೆ ಮೂರು ಸಲ ಹಚ್ಚಿದರೂ ಒಂದು ಡಬ್ಬಿ ಎರಡು ವರ್ಷ ಬರುವ ಹಾಗಿದೆ. ನೆರಳಿನ ಶೆಡ್ಡು ಇದ್ದು, ಭಾನುವಾರ ಭಾನುವಾರ ಕಾರಿನ ಮುಂದೆ ಕೂರುವ ಪುರುಸೊತ್ತು ಇರುವವರು ಕಾರ್ನೌಬಾ ಹಚ್ಚಲಿ, ಆ ಕಪ್ಪಿನ ಚೆಂದವೇ ಬೇರೆ. ಹೊಸ ಕಾರು, ಸಿಹಿನೀರು, ಕೈಯಲ್ಲಿ ದುಡ್ಡು ಮೂರೂ ಇದ್ದವರು ಸೆರಾಮಿಕ್ ಮಾಡಿಸಲಿ.

ಆದರೆ ಯಾವುದನ್ನು ಹಚ್ಚಿದರೂ ಒಣಬಟ್ಟೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಬೆಳಿಗ್ಗೆ ಎದ್ದು ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಟಪಟಪ ಒರೆಸುವುದು ನಮ್ಮೂರಿನ ಎಲ್ಲರ ಚಾಳಿ. ಅದು ಸಣ್ಣ ಮರಳುಕಾಗದದಲ್ಲಿ ಉಜ್ಜಿದಂತೆಯೇ. ಬಿಸಿಲಿಗೆ ನಿಲ್ಲಿಸಿ ನೋಡಿ, ಕಪ್ಪು ಕಾರಿನ ಮೇಲೆ ಜೇಡರ ಬಲೆಯಂತೆ ಸುತ್ತುಸುತ್ತು ಗೀರು ಕಾಣುತ್ತದೆ. ನೀರಿಲ್ಲದ ದಿನ ಮುಟ್ಟದೆ ಬಿಡುವುದೇ ಮೇಲು. ಒಂದೂವರೆ ಬಕೆಟ್ ನೀರಿದ್ದರೆ ಸಾಕು, ಒಂದರಲ್ಲಿ ಶಾಂಪೂ, ಅರ್ಧದಲ್ಲಿ ಬಟ್ಟೆಯ ಮಣ್ಣು ಜಾಲಿಸಲು. ಮೇಲಿನಿಂದ ಕೆಳಕ್ಕೆ ತೊಳೆದು, ಬೋರ್ ನೀರು ಒಣಗುವ ಮೊದಲೇ ಒರೆಸಬೇಕು, ಇಲ್ಲದಿದ್ದರೆ ಸುಣ್ಣದ ಚುಕ್ಕೆ ಕೂತುಬಿಡುತ್ತದೆ. ಪಾತ್ರೆ ಸೋಪು ಬೇಡ, ಜಿಡ್ಡಿನ ಜೊತೆ ಮೇಣವನ್ನೂ ಎಬ್ಬಿಸುತ್ತದೆ.

ಅಪ್ಪನಿಂದ ಬಿಡಿಸಲು ಕಷ್ಟವಾಗಿದ್ದು ಡೀಸೆಲ್ ಬಟ್ಟೆ. ಲಾರಿ ಕ್ಯಾಬಿನ್ನಿಗೆ ಡೀಸೆಲ್ ಸವರಿ ಮಿಂಚಿಸಿ ಅಭ್ಯಾಸ. ಡೀಸೆಲ್ ಮೇಣವನ್ನು ಕರಗಿಸುತ್ತದೆ, ಉಳಿದ ಜಿಡ್ಡಿಗೆ ಇಡೀ ಊರಿನ ಧೂಳು ಅಂಟುತ್ತದೆ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಹಳೆಯ ನಡು ಪಟ್ಟೆಗೆ ಅವರೇ ಒಮ್ಮೆ ಸವರಿ ಮರುದಿನ ನೋಡಿದ ಮೇಲೆ ಆ ಬಟ್ಟೆ ಬಚ್ಚಲ ಒಲೆಗೆ ಹೋಯಿತು.

ಸುಟ್ಟ ಜಾಗ ಹಾಗೇ ಇದೆ. ಕ್ಲಿಯರ್ ಕೋಟೇ ಹೋದ ಮೇಲೆ ಯಾವ ಮೇಣವೂ ಅದನ್ನು ತರುವುದಿಲ್ಲ, ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಬೇಕು. ಹೊಡೆಸೋಣ ಎಂದರೆ ಅಪ್ಪ ‘ಬಿಡು, ಓಡಾಕೆ ಏನಾಗೈತೆ’ ಎನ್ನುತ್ತಾರೆ. ಈ ಸಲದ ಆಯುಧಪೂಜೆಗೆ ಕುಂಕುಮವನ್ನು ಬಣ್ಣಕ್ಕೆ ಹಚ್ಚದೆ ನಂಬರ್ ಪ್ಲೇಟಿಗೆ ಹಚ್ಚಿದರು. ಚೆಂಡುಹೂವಿನ ಹಾರವನ್ನು ಟೇಪು ಅಂಟಿಸದೆ ದಾರದಲ್ಲಿ ಕಟ್ಟಿದರು. ಪಕ್ಕದ ಮನೆಯ ಹುಡುಗ ಪ್ರಸಾದ ಇಸಿದುಕೊಂಡು, ಬಾನೆಟ್ ಮೇಲಿನ ಧೂಳಿನಲ್ಲಿ ಬೆರಳಿಂದ ಹೆಸರು ಬರೆಯಲು ಹೋದ. ಅಪ್ಪ ಕಟ್ಟೆಯಿಂದಲೇ ಕೂಗಿದರು: ‘ಲೇ, ಮುಟ್ಟಬ್ಯಾಡಲೇ, ಮೊದ್ಲು ನೀರು ಹಾಕಬೇಕು ಅದಕ್ಕೆ!’