ವ್ರತದ ತಿಥಿ, ಪಥ್ಯದ ಸೋಮವಾರ

ಅನ್ನವನ್ನು ಕಡಿಮೆ ಮಾಡಬೇಕೆನ್ನುವವರು ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನ ತೊಡಗುವುದಿಲ್ಲ. ಸೋಮವಾರಕ್ಕೆ, ಒಂದನೆಯ ತಾರೀಖಿಗೆ, ಹೊಸ ವರ್ಷಕ್ಕೆ ಕಾಯುತ್ತಾರೆ. ಇದನ್ನು ಬರಿಯ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ‘ಡಯಟ್’ ಎಂಬ ಪದದ ಗೂಗಲ್ ಹುಡುಕಾಟವೂ ವಿಶ್ವವಿದ್ಯಾಲಯವೊಂದರ ವ್ಯಾಯಾಮಶಾಲೆಗೆ ಬರುವವರ ಸಂಖ್ಯೆಯೂ ವಾರ, ತಿಂಗಳು, ವರ್ಷಗಳ ಮೊದಲಲ್ಲಿ ಏರುತ್ತವೆ. ಕಾಲದ ಇಂತಹ ಗಡಿಕಲ್ಲು ಹಿಂದಿನ ಸೋಲುಗಳನ್ನು ಆಚೆಬದಿಗೆ ಉಳಿಸಿ ಮನಸ್ಸನ್ನು ಹಗುರಗೊಳಿಸುತ್ತದೆಂಬುದು ಅವರ ವಿವರಣೆ.

ನಮ್ಮ ಪಂಚಾಂಗಕ್ಕೆ ಇದು ಹೊಸದಲ್ಲ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಧಾನ್ಯ ವರ್ಜ್ಯ. ಮಾಂಸಾಹಾರಿಗಳ ಎಷ್ಟೋ ಮನೆಗಳಲ್ಲಿ ಶ್ರಾವಣವಿಡೀ ಸಸ್ಯಾಹಾರ. ದಿನವನ್ನು ನಾವು ಆರಿಸುವುದಿಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ತೊಡಗುತ್ತಾರೆ, ಮುಗಿಯುವ ದಿನ ಮೊದಲೇ ತಿಳಿದಿರುತ್ತದೆ. ಜನವರಿಯ ಸಂಕಲ್ಪಕ್ಕೆ ಈ ಕೊನೆಯ ಎರಡು ಆಸರೆಗಳೂ ಇಲ್ಲ. (ಯುಗಾದಿಯ ಮರುದಿನವೇ ಹಳೆಯ ಮೈಸೂರಿನವರು ಹೊಸತೊಡಕಿನ ಬಾಡೂಟಕ್ಕೆ ಕೂರುವುದು ಬೇರೆಯ ಮಾತು.)

ಟೆಕ್ಸಾಸಿಗೆ ಬಂದಾಗ ಈ ಗಡಿಕಲ್ಲು ಅಲುಗುತ್ತದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಬೇವುಬೆಲ್ಲ ಮನೆಯಲ್ಲಿ ತಿಥಿಯಂದು; ಒಬ್ಬಟ್ಟಿನ ಊಟ ಸಂಘದಲ್ಲಿ, ಸಭಾಂಗಣ ದೊರೆತ ವಾರಾಂತ್ಯದಂದು. ಹಬ್ಬ ಎರಡಾಗುತ್ತದೆ, ಆರಂಭ ಮಸುಕಾಗುತ್ತದೆ. ಹವೆಯೂ ಅಡ್ಡಬರುತ್ತದೆ. ಊಟದ ನಂತರದ ನಡಿಗೆಯನ್ನು ಶಾಲೆ ತೆರೆಯುವ ಆಗಸ್ಟಿನಲ್ಲಿ ತೊಡಗಿದರೆ 38 ಡಿಗ್ರಿಯ ಬಿಸಿಲು ನಾಲ್ಕೇ ದಿನದಲ್ಲಿ ಸೋಲಿಸುತ್ತದೆ. ತಂಪಾಗುವ ಅಕ್ಟೋಬರಿಗೆ ಕಾದರೆ ದಸರೆ, ದೀಪಾವಳಿ, ಥ್ಯಾಂಕ್ಸ್‌ಗಿವಿಂಗ್ ಸಾಲಾಗಿ ನಿಂತಿರುತ್ತವೆ. ಆದರೂ ನಡಿಗೆಗೆ ಅಕ್ಟೋಬರೇ ಲೇಸು. ತಟ್ಟೆಯ ಬದಲಾವಣೆಗೆ ಶ್ರಾವಣ ಸಾಕು.

ತಿಥಿಗಿಂತಲೂ ಗಟ್ಟಿಯಾದ ಆರಂಭವೆಂದರೆ ಮನೆ ಬದಲಿಸುವುದು. ಅಭ್ಯಾಸವು ಅದೇ ಅಂಗಡಿ, ಅದೇ ದಾರಿ, ಅದೇ ಕಪಾಟುಗಳಿಗೆ ಅಂಟಿಕೊಂಡಿರುತ್ತದೆ. ಪರಿಸರಸ್ನೇಹಿ ರೂಢಿಗಳನ್ನು ಕುರಿತು ವೆರ್‌ಪ್ಲಾಂಕನ್ ಮತ್ತು ರಾಯ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಸ ಮನೆಗೆ ಬಂದ ಮೂರು ತಿಂಗಳೊಳಗಿನವರಲ್ಲಿ ಬದಲಾವಣೆ ಹೆಚ್ಚು ಫಲಿಸಿತು. ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಹೋಗುವವರು ಅಕ್ಕಿಯ ದೊಡ್ಡ ಮೂಟೆಗೆ ಮೊದಲು ರಾಗಿಹಿಟ್ಟಿಗೆ ಜಾಗ ಮಾಡಬಹುದು.

ಆದರೆ ಹೊಸ ಆರಂಭ ಎಲ್ಲರಿಗೂ ಹಿತವಲ್ಲ. ಬೇಸ್‌ಬಾಲ್ ಆಟಗಾರರನ್ನು ಕುರಿತ ಡಾಯ್ ಅವರ 2018ರ ಅಧ್ಯಯನದಲ್ಲಿ, ಲೀಗ್ ಬದಲಾಗಿ ಲೆಕ್ಕ ಸೊನ್ನೆಯಿಂದ ತೊಡಗಿದಾಗ ಹಿಂದುಳಿದವರು ಸುಧಾರಿಸಿದರು, ಚೆನ್ನಾಗಿ ಆಡುತ್ತಿದ್ದವರು ಕುಸಿದರು. ಪಥ್ಯ ಸರಿಯಾಗಿ ಸಾಗುತ್ತಿರುವವರು ಯುಗಾದಿಗೆಂದು ಅದನ್ನು ಕಲಕದಿರುವುದು ಒಳಿತು. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಲಾಲಿ ಮತ್ತು ಸಂಗಡಿಗರಿಗೆ (2010) ಒಂದು ರೂಢಿ ಬೇರೂರಲು ಹಿಡಿದ ಮಧ್ಯಕ ಅವಧಿ 66 ದಿನ, ವ್ಯಾಪ್ತಿ 18ರಿಂದ 254. ನಡುವೆ ಒಂದು ದಿನ ತಪ್ಪಿದರೆ ಹಾನಿಯಾಗಲಿಲ್ಲ.

ಈ ಲೆಕ್ಕಾಚಾರ ನಮಗೆ ಕುತೂಹಲದ ವಿಷಯ ಮಾತ್ರವಲ್ಲ. ಏಷ್ಯಾ ಮೂಲದವರಲ್ಲಿ ದೇಹತೂಕ ಸೂಚ್ಯಂಕ 25ರ ಬದಲು 23ಕ್ಕೇ ಮಧುಮೇಹದ ಪರೀಕ್ಷೆಯನ್ನು ಪರಿಗಣಿಸಬೇಕೆಂದು ಅಮೆರಿಕದ ಮಧುಮೇಹ ಸಂಘ 2015ರಿಂದ ಹೇಳುತ್ತಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉಪವಾಸದ ದಿನದ ಪ್ರಮಾಣವನ್ನು ವೈದ್ಯರೊಡನೆ ವಾರಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಏಕಾದಶಿಯ ಬೆಳಗ್ಗೆ ಅಲ್ಲ.